ಚೀನದ ಪ್ರಥಮ ಮಹಾಧರ್ಮಾಧ್ಯಕ್ಷರು

ಮಂಗೋಲರ ದಂಡಯಾತ್ರೆಗಳು ಏಷ್ಯಾದ ಅನೇಕ ನಗರಗಳನ್ನು ನೆಲಸಮಗೊಳಿಸಿದವು. ಆದರೆ ಅವರ ಆಳ್ವಿಕೆಯಲ್ಲಿಯೇ ಕಪ್ಪುಸಮುದ್ರದಿಂದ ಚೀನದವರೆಗೆ ವರ್ತಕರ ಹಾದಿ ತೆರೆಯಿತು. ಆ ವರ್ತಕರೊಡನೆ ಪೂರ್ವಕ್ಕೆ ನಡೆದ ಧರ್ಮಪ್ರಚಾರಕರಲ್ಲಿ ಅಗ್ರಗಣ್ಯರು ಮೊಂತೆಕೊರ್ವಿನೊದ ಜಾನ್.

ದಕ್ಷಿಣ ಇಟಲಿಯಲ್ಲಿ 1247ರಲ್ಲಿ ಜನಿಸಿದ ಈ ಫ್ರಾನ್ಸಿಸ್ಕನ್ ಸನ್ಯಾಸಿಯನ್ನು ಜಗದ್ಗುರು ನಾಲ್ಕನೆಯ ನಿಕೊಲಾಸರು 1289ರಲ್ಲಿ ಮಹಾಖಾನ ಕುಬ್ಲಾಯಿಯ ಬಳಿಗೆ ಕಳುಹಿಸಿದರು. ಮಂಗೋಲ ಅರಸರ ಅಂತಃಕಲಹದಿಂದ ಭೂಮಾರ್ಗ ಸುರಕ್ಷಿತವಾಗಿರಲಿಲ್ಲ. ಆದಕಾರಣ ಅವರು 1291ರಲ್ಲಿ ಪರ್ಷಿಯದ ತಬ್ರೀಜನ್ನು ಬಿಟ್ಟು ಸಮುದ್ರದ ಮೂಲಕ ಭಾರತಕ್ಕೆ ಬಂದರು. ಸಂತ ತೋಮಸರ ದೇವಾಲಯವಿದ್ದ ನಾಡಿನಲ್ಲಿ 13 ತಿಂಗಳು ತಂಗಿ, ಸುಮಾರು ನೂರು ಮಂದಿಗೆ ದೀಕ್ಷಾಸ್ನಾನವನ್ನಿತ್ತರು. ಸಂಗಡಿಗರಾದ ಪಿಸ್ತೊಯಿಯದ ನಿಕೊಲಾಸರು ಅಲ್ಲಿಯೇ ನಿಧನರಾದರು.

ಇಂದಿನ ಬೀಜಿಂಗ್ ಆದ ಖಾನ್‌ಬಾಲಿಕನ್ನು ಜಾನರು ತಲುಪುವಷ್ಟರಲ್ಲಿ, 1294ರಲ್ಲಿ, ಕುಬ್ಲಾಯಿ ಗತಿಸಿದ್ದನು. ಉತ್ತರಾಧಿಕಾರಿ ತೆಮುರನ ಕಾಲದಲ್ಲಿ ಅವರು ದೇವಾಲಯ ಕಟ್ಟಿಸಿದರು. ಸುಮಾರು 40 ಬಾಲಕರಿಗೆ ಲತೀನ್ ಕಲಿಸಿದರು. ಹೊಸ ಒಡಂಬಡಿಕೆಯನ್ನೂ ಕೀರ್ತನೆಗಳನ್ನೂ ತಾರ್ತಾರರ ಭಾಷೆಗೆ ತಂದರು. ಎರಡನೆಯ ದೇವಾಲಯಕ್ಕೆ ಭೂಮಿ ಕೊಂಡುಕೊಟ್ಟವರು ತಬ್ರೀಜಿನಿಂದ ಜೊತೆಗೂಡಿದ್ದ ಇಟಲಿಯ ವರ್ತಕ ಪಿಯೆತ್ರೊ.

ಆದರೆ ಹನ್ನೊಂದು ವರ್ಷ ಅವರ ಪಾಪನಿವೇದನೆಯನ್ನು ಆಲಿಸಲು ಇನ್ನೊಬ್ಬ ಗುರುವಿರಲಿಲ್ಲ. ಹನ್ನೆರಡು ವರ್ಷ ಜಗದ್ಗುರುಗಳ ಆಸ್ಥಾನದಿಂದ ಸುದ್ದಿಯೂ ಇಲ್ಲ. ಐವತ್ತೆಂಟಕ್ಕೇ ದುಡಿಮೆಯಿಂದ ತಲೆ ನರೆಯಿತು. 1305ರಲ್ಲಿ ಅವರು ಬರೆದ ಪತ್ರ ಕೊನೆಗೂ ಪಶ್ಚಿಮವನ್ನು ಮುಟ್ಟಿತು. ಐದನೆಯ ಕ್ಲೆಮೆಂಟರು 1307ರಲ್ಲಿ ಅವರನ್ನು ಮಹಾಧರ್ಮಾಧ್ಯಕ್ಷರನ್ನಾಗಿಸಿ, ನೆರವಿಗೆ ಏಳು ಧರ್ಮಾಧ್ಯಕ್ಷರನ್ನು ನೇಮಿಸಿದರು. ಖಾನ್‌ಬಾಲಿಕ್ ಸೇರಿದವರು ಮೂವರೇ.

ಜಾನರು 1328ರಲ್ಲಿ ದೈವಾಧೀನರಾದರು. 1368ರಲ್ಲಿ ಮಂಗೋಲರ ಆಳ್ವಿಕೆಯೊಂದಿಗೆ ಅವರು ನೆಟ್ಟ ಧರ್ಮಸಭೆಯೂ ಅಲ್ಲಿ ಅಳಿಯಿತು. ಫಲವನ್ನು ಎಣಿಸದೆ ಬಿತ್ತಿದ ಆ ಏಕಾಂಗಿಯ ನಿಷ್ಠೆ ಮಾತ್ರ ಅಳಿಯಲಿಲ್ಲ.