ಗಿಯೋರ್ಗ್ ಲುಡ್ವಿಗ್ ಹಾರ್ಟಿಗ್ (1764–1837): ತಾಯಿಮರಗಳಿಗೆ ನಿಯಮ ರೂಪಿಸಿದ ಅರಣ್ಯಾಧಿಕಾರಿ

ಕಡಿತಲೆಯಾದ ಪ್ರದೇಶದಲ್ಲಿ ಬೀಜಗಳು ಬಿದ್ದು, ಮೊಳೆತು, ಅರಣ್ಯವು ಮರಳಿ ಬೆಳೆಯುವುದನ್ನು ನೈಸರ್ಗಿಕ ಪುನರುತ್ಪತ್ತಿ ಎನ್ನುತ್ತಾರೆ. ಇದಕ್ಕೆ ಬೀಜ ಒದಗಿಸಲೆಂದು ಕಡಿಯದೆ ಉಳಿಸುವ ಉತ್ತಮ ಮರಗಳೇ ತಾಯಿಮರಗಳು. ಇವುಗಳನ್ನು ಎಷ್ಟು ಅಂತರದಲ್ಲಿ ಉಳಿಸಬೇಕು, ಯಾವಾಗ ತೆಗೆಯಬೇಕು ಎಂಬುದನ್ನು ಕ್ರಮಬದ್ಧವಾಗಿ ನಿರೂಪಿಸಿದವರಲ್ಲಿ ಜರ್ಮನಿಯ ಗಿಯೋರ್ಗ್ ಲುಡ್ವಿಗ್ ಹಾರ್ಟಿಗ್ ಅವರು ಅಗ್ರಗಣ್ಯರು.

ಜನನ ಮತ್ತು ಶಿಕ್ಷಣ

ಹಾರ್ಟಿಗ್ ಅವರು 1764ರ ಸೆಪ್ಟೆಂಬರ್ 2ರಂದು ಹೆಸ್ಸೆ ಪ್ರದೇಶದ ಗ್ಲಾಡೆನ್‌ಬಾಖ್‌ನಲ್ಲಿ ಜನಿಸಿದರು. ತಂದೆ ಅರಣ್ಯಾಧಿಕಾರಿಯಾಗಿದ್ದರು. ಗೀಸೆನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದ ಹಾರ್ಟಿಗ್ ಅವರು 1786ರಲ್ಲಿ ಹುಂಗೆನ್‌ನಲ್ಲಿ ಅರಣ್ಯ ಸೇವೆಗೆ ಸೇರಿದರು. ಅಲ್ಲಿಯೇ ಯುವಕರಿಗಾಗಿ ಅರಣ್ಯ ಶಾಲೆಯೊಂದನ್ನು ತೆರೆದರು.

ಅಂದಿನ ಅರಣ್ಯಗಳ ಸ್ಥಿತಿ

ಆ ಕಾಲದಲ್ಲಿ ಅಡುಗೆಗೆ, ಚಳಿಗಾಲದ ಬೆಂಕಿಗೆ, ಮನೆ ಕಟ್ಟಲು, ಕಬ್ಬಿಣ ಕರಗಿಸಲು ಮರವೇ ಆಧಾರವಾಗಿತ್ತು. ಬೇಕಾದವರು ಬೇಕಾದಲ್ಲಿ ಒಳ್ಳೆಯ ಮರಗಳನ್ನು ಆರಿಸಿ ಕಡಿಯುತ್ತಿದ್ದರು. ಡೊಂಕಾದ, ರೋಗ ತಗುಲಿದ ಮರಗಳಷ್ಟೇ ಉಳಿದು ಬೀಜ ಉದುರಿಸುತ್ತಿದ್ದವು. ಮೊಳೆತ ಸಸಿಗಳು ದನಕರುಗಳ ಬಾಯಿಗೆ ಬೀಳುತ್ತಿದ್ದವು. ಮುಂದೆ ಸೌದೆಯೂ ಸಿಗದು ಎಂಬ ಆತಂಕ ಜನರಲ್ಲಿಯೂ ಆಡಳಿತದಲ್ಲಿಯೂ ಇತ್ತು.

ಮೂರು ಹಂತಗಳ ಕಡಿತಲೆ

ಹಂತ ಹಂತವಾಗಿ ಕಡಿಯುವ ಪದ್ಧತಿ ಹಾನೌ ಪ್ರದೇಶದಲ್ಲಿ ಮೊದಲೇ ಬಳಕೆಯಲ್ಲಿತ್ತು. ಹಾರ್ಟಿಗ್ ಅವರು ಅದನ್ನು ಪರಿಷ್ಕರಿಸಿ, ಕೆಳಹಂತದ ಸಿಬ್ಬಂದಿಗೂ ತಿಳಿಯುವಂತೆ 1791ರಲ್ಲಿ ಪ್ರಕಟಿಸಿದ ತಮ್ಮ ಕೈಪಿಡಿಯಲ್ಲಿ ವಿವರಿಸಿದರು. ಅವರ ಮುಖ್ಯ ಉದಾಹರಣೆ ಬೀಚ್ ಮರ. ಇದು ಪ್ರತಿ ವರ್ಷ ಸಮೃದ್ಧವಾಗಿ ಬೀಜ ಬಿಡುವುದಿಲ್ಲ. ಇದರ ಬೀಜ ತೂಕವಾಗಿರುವುದರಿಂದ ತಾಯಿಮರದಿಂದ ದೂರ ಹೋಗುವುದಿಲ್ಲ. ಇದರ ಎಳೆಯ ಸಸಿ ಹಿಮಕ್ಕೆ ಸುಲಭವಾಗಿ ಬಲಿಯಾಗುತ್ತದೆ.

1. ಬೀಜ ಕಡಿತಲೆ: ಕೆಲವು ಮರಗಳನ್ನು ಮಾತ್ರ ತೆಗೆದು, ಉಳಿದ ತಾಯಿಮರಗಳ ಕೊಂಬೆಗಳ ತುದಿಗಳು ಹೆಚ್ಚುಕಡಿಮೆ ತಾಗುವಂತೆ ಬಿಡುವುದು. ಇದರಿಂದ ಬೀಜ ಎಲ್ಲೆಡೆ ಬೀಳುತ್ತದೆ, ಹುಲ್ಲು ಆವರಿಸುವುದಿಲ್ಲ.
2. ಬೆಳಕಿನ ಕಡಿತಲೆ: ಸಸಿಗಳು ಬೇರೂರಿದ ಮೇಲೆ ಇನ್ನಷ್ಟು ಮರಗಳನ್ನು ತೆಗೆದು ಬೆಳಕು ಒದಗಿಸುವುದು.
3. ಅಂತಿಮ ಕಡಿತಲೆ: ಸಸಿಗಳು ಆಸರೆಯಿಲ್ಲದೆ ನಿಲ್ಲುವಂತಾದಾಗ ಉಳಿದ ತಾಯಿಮರಗಳನ್ನು ತೆಗೆಯುವುದು.

ಉನ್ನತ ಹುದ್ದೆಗಳು ಮತ್ತು ಟೀಕೆಗಳು

ಹಾರ್ಟಿಗ್ ಅವರು 1797ರಲ್ಲಿ ಡಿಲೆನ್‌ಬುರ್ಗ್‌ನಲ್ಲಿ, 1806ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸೇವೆಗೆ ನಿಯುಕ್ತರಾದರು. 1811ರಲ್ಲಿ ಪ್ರಷ್ಯಾದ ಅರಣ್ಯ ಆಡಳಿತದ ಮುಖ್ಯಸ್ಥರಾಗಿ ಬರ್ಲಿನ್‌ಗೆ ಬಂದರು. ಇಂದಿನ ಪೀಳಿಗೆಗೆ ದೊರೆಯುವಷ್ಟು ಪ್ರಯೋಜನವಾದರೂ ಮುಂದಿನ ಪೀಳಿಗೆಗೆ ಅರಣ್ಯದಿಂದ ದೊರೆಯಬೇಕು ಎಂಬುದು ಅವರ ಆಡಳಿತದ ತತ್ವವಾಗಿತ್ತು.

ಆದರೆ ಅವರ ಸಾಮಾನ್ಯ ನಿಯಮಗಳು ಎಲ್ಲೆಡೆ ಒಂದೇ ಫಲ ನೀಡಲಿಲ್ಲ. ಮಣ್ಣು, ಹವಾಮಾನ ಹಾಗೂ ಮರದ ಜಾತಿಗೆ ಅನುಗುಣವಾಗಿ ಕ್ರಮ ಬದಲಾಗಬೇಕೆಂದು ಸಮಕಾಲೀನ ತಜ್ಞ ವಿಲ್‌ಹೆಲ್ಮ್ ಫೈಲ್ ಅವರು ವಾದಿಸಿದರು. ನೆರಳು ಸಹಿಸುವ ಬೀಚ್‌ಗೆ ಒಪ್ಪಿದ ನಿಯಮ ಬೆಳಕು ಬೇಡುವ ಪೈನ್‌ಗೆ ಒಪ್ಪುವಂಥದ್ದಾಗಿರಲಿಲ್ಲ. ಹಾರ್ಟಿಗ್ ಅವರ ಗಮನ ಹೆಚ್ಚಾಗಿ ಅಂತರ, ನೆರಳು, ಬೆಳಕುಗಳ ಮೇಲಿತ್ತು. ಬೀಜದ ಮೂಲವು ಸಂತತಿಯ ಗುಣದ ಮೇಲೆ ಪರಿಣಾಮ ಬೀರುತ್ತದೆಂಬುದನ್ನು ಫ್ರಾನ್ಸಿನ ವಿಲ್‌ಮೊರಾಂ ಅವರು 1820ರ ದಶಕದಲ್ಲಿ ಆರಂಭಿಸಿದ ಪೈನ್ ನೆಡುತೋಪುಗಳು ಮುಂದೆ ತೋರಿಸಿಕೊಟ್ಟವು.

ನಿಧನ ಮತ್ತು ಪರಂಪರೆ

ಹಾರ್ಟಿಗ್ ಅವರು 1837ರ ಫೆಬ್ರವರಿ 2ರಂದು ಬರ್ಲಿನ್‌ನಲ್ಲಿ ನಿಧನರಾದರು. ಮಗ ಥಿಯೊಡೋರ್ ಹಾಗೂ ಮೊಮ್ಮಗ ರಾಬರ್ಟ್ ಇಬ್ಬರೂ ಹೆಸರಾಂತ ಅರಣ್ಯ ವಿಜ್ಞಾನಿಗಳಾದರು. 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದ ಡೀಟ್ರಿಖ್ ಬ್ರಾಂಡಿಸ್ ಅವರೂ ಜರ್ಮನಿಯವರೇ. ಕಾಲಾನಂತರದಲ್ಲಿ ಹಿಮಾಲಯದ ಚಿರ್ ಪೈನ್ ಮತ್ತು ದೇವದಾರು ಅರಣ್ಯಗಳಲ್ಲಿ ತಾಯಿಮರಗಳನ್ನು ಉಳಿಸಿ ಕಡಿಯುವ ಪದ್ಧತಿ ಬಳಕೆಗೆ ಬಂದಿತು.

ಹಿಡುವಳಿದಾರರ ಗಮನಕ್ಕೆ

ಸ್ವಂತ ಜಮೀನಿನಲ್ಲಿ ಮರ ಕಡಿಯಲು ಅನುಮತಿ ಕೋರುವವರಿಗೂ ಹಾರ್ಟಿಗ್ ಅವರ ಜೀವನದಿಂದ ಒಂದು ಪಾಠವಿದೆ. ಕಡಿಯುವ ಮರಗಳನ್ನು ಗುರುತಿಸುವ ಮೊದಲು ಉಳಿಸುವ ಮರಗಳನ್ನು ಗುರುತಿಸಬೇಕು. ನೇರ ಕಾಂಡ, ಹರಡಿದ ನೆತ್ತಿ, ರೋಗವಿಲ್ಲದ ಮೈ ಮತ್ತು ಸಮೃದ್ಧ ಬೀಜವುಳ್ಳ ಮರಗಳನ್ನು ಉಳಿಸಿದಲ್ಲಿ ಮುಂದಿನ ಪೀಳಿಗೆಗೂ ಒಳ್ಳೆಯ ಮರಗಳು ದೊರೆಯುತ್ತವೆ.