ಮೂವರನ್ನು ದಾಟಿ ನಾಲ್ಕನೆಯವರಿಗೆ ಕುರ್ಚಿ: ರಾಜೀನಾಮೆ ಕೊಟ್ಟು ಹೊರಬಂದ ಕೌಡೂರಿನ ಹೆಗ್ಡೆ

ಕಾರ್ಕಳ: ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಆಸ್ಪತ್ರೆ ಕರಾವಳಿಯಲ್ಲಿ ಯಾರಿಗೆ ಗೊತ್ತಿಲ್ಲ? ಆದ್ರೆ ಆ ಹೆಸರಿನವರು ಯಾರು ಅಂತ ಕೇಳಿದ್ರೆ, ನಿಟ್ಟೆಯ ವಿದ್ಯಾಸಂಸ್ಥೆ ಕಟ್ಟಿದವರು ಅನ್ನೋ ಉತ್ತರಕ್ಕೇ ಮಾತು ನಿಲ್ಲುತ್ತದೆ. ಅವರ ಬದುಕಿನ ದೊಡ್ಡ ಘಟನೆ ನಡೆದದ್ದು ದೆಹಲಿಯಲ್ಲಿ, 1973ರ ಏಪ್ರಿಲ್ ಕೊನೆಯಲ್ಲಿ.

ಸದಾನಂದ ಹೆಗ್ಡೆ ಹುಟ್ಟಿದ್ದು 1909ರ ಜೂನ್ 11ರಂದು, ಕಾರ್ಕಳ ತಾಲೂಕಿನ ಕೌಡೂರಿನಲ್ಲಿ. ಮಂಗಳೂರಿನ ಅಲೋಶಿಯಸ್‌ನಲ್ಲಿ ಓದು, ಮದ್ರಾಸಿನಲ್ಲಿ ಕಾನೂನು ಪದವಿ. ವಕೀಲಿಕೆ ಮಾಡಿದರು, ಕಾಂಗ್ರೆಸ್ ಸೇರಿದರು, ಕೆಲ ಕಾಲ ಸರ್ಕಾರಿ ವಕೀಲರಾಗಿದ್ದರು. 1952ರಲ್ಲಿ ರಾಜ್ಯಸಭೆಗೆ ಹೋದರು. 1957ರಲ್ಲಿ ಆ ಸ್ಥಾನ ಬಿಟ್ಟು ಮೈಸೂರು ಹೈಕೋರ್ಟ್ ನ್ಯಾಯಮೂರ್ತಿಯಾದರು. ಪಕ್ಷದ ಸಂಸದರೊಬ್ಬರು ಹೀಗೆ ಸೀದಾ ನ್ಯಾಯಪೀಠಕ್ಕೆ ಬಂದ್ರೆ ಈಗ ಟಿವಿಯಲ್ಲಿ ವಾರಗಟ್ಟಲೆ ಚರ್ಚೆ ಆಗ್ತಿತ್ತು. 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, ಮರುವರ್ಷವೇ ಸುಪ್ರೀಂ ಕೋರ್ಟ್.

ಕಾಂಗ್ರೆಸ್ಸಿನಿಂದ ಬಂದವರು ಸರ್ಕಾರದ ಪರವೇ ಇರ್ತಾರೆ ಅಂತ ಯಾರಾದರೂ ಲೆಕ್ಕ ಹಾಕಿದ್ದರೆ ಆ ಲೆಕ್ಕ ತಪ್ಪಿತು. ಇಂದಿರಾ ಗಾಂಧಿ ಆಯ್ಕೆ ಪ್ರಶ್ನಿಸಿ ರಾಜ್ ನಾರಾಯಣ್ ಹಾಕಿದ್ದ ಚುನಾವಣಾ ತಕರಾರಿನಲ್ಲಿ, ಅಲಹಾಬಾದ್ ಹೈಕೋರ್ಟ್ ಕೈಬಿಟ್ಟಿದ್ದ ಕೆಲವು ಅಂಶಗಳನ್ನು ಮತ್ತೆ ವಿಚಾರಣೆಗೆ ಸೇರಿಸಲು 1972ರಲ್ಲಿ ಅವಕಾಶ ಕೊಟ್ಟ ಪೀಠದಲ್ಲಿ ಹೆಗ್ಡೆಯವರಿದ್ದರು. 1975ರಲ್ಲಿ ಇಂದಿರಾ ಆಯ್ಕೆ ರದ್ದಾದದ್ದು ಅದೇ ಕೇಸಿನಲ್ಲಿ.

ಮುಂದೆ ಬಂದದ್ದು ಕೇಶವಾನಂದ ಭಾರತಿ ಪ್ರಕರಣ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಹೋಗಿದ್ದ ಕೇಸು, ಬೆಳೆದು ಬೆಳೆದು ಸಂಸತ್ತಿಗೆ ಸಂವಿಧಾನವನ್ನು ಎಷ್ಟರ ಮಟ್ಟಿಗೆ ತಿದ್ದುವ ಅಧಿಕಾರ ಇದೆ ಅನ್ನೋ ಪ್ರಶ್ನೆಯಾಯಿತು. 13 ಮಂದಿ ನ್ಯಾಯಮೂರ್ತಿಗಳು, 68 ದಿನ ವಾದ. 1973ರ ಏಪ್ರಿಲ್ 24ರಂದು 7–6ರಲ್ಲಿ ತೀರ್ಪು ಬಂತು: ತಿದ್ದಬಹುದು, ಆದರೆ ಸಂವಿಧಾನದ ಮೂಲ ರಚನೆ ಕೆಡಿಸುವಂತಿಲ್ಲ. ಹೆಗ್ಡೆಯವರು ಏಳರ ಕಡೆ. ಒಬ್ಬರು ಆಚೆ ವಾಲಿದ್ದರೂ ತೀರ್ಪು ತಿರುಗಿಬಿಡ್ತಿತ್ತು.

ಮರುದಿನವೇ ಸರ್ಕಾರದ ಉತ್ತರ ಬಂತು. ಮುಖ್ಯ ನ್ಯಾಯಮೂರ್ತಿ ಸಿಕ್ರಿ ನಿವೃತ್ತರಾಗುತ್ತಿದ್ದರು. ಹಿರಿತನದ ಪ್ರಕಾರ ಶೇಲತ್, ಹೆಗ್ಡೆ, ಗ್ರೋವರ್ ಸಾಲಿನಲ್ಲಿದ್ದರು. ಮೂವರೂ ಸರ್ಕಾರಕ್ಕೆ ಬೇಡವಾದ ಕಡೆ ನಿಂತವರು. ನಾಲ್ಕನೆಯವರಾದ ಎ.ಎನ್. ರೇ ಆರರ ಕಡೆ ಇದ್ದವರು, ಕುರ್ಚಿ ಅವರಿಗೆ ಸಿಕ್ಕಿತು. ಹಿರಿಯರನ್ನೇ ಮಾಡಬೇಕು ಅಂತ ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ, ಅದು ನಡೆದುಬಂದ ಪದ್ಧತಿ ಅಷ್ಟೇ. ಕಾನೂನು ಮುರಿಯದೇ ಏಟು ಕೊಡಲು ಆ ಸಂದು ಸಾಕಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಇದ್ದಿದ್ದರೆ ಹೆಗ್ಡೆಯವರಿಗೆ ಇನ್ನೂ ಒಂದು ವರ್ಷದ ಮೇಲೆ ಸೇವೆ ಇತ್ತು. ಆದ್ರೆ ತೀರ್ಪು ಮಾತ್ರ ಅಲ್ಲೇ ಉಳಿಯಿತು. 1975ರ ನವೆಂಬರ್‌ನಲ್ಲಿ ಅದನ್ನು ಮರುಪರಿಶೀಲಿಸಲು ರೇ ಕೂರಿಸಿದ 13 ಮಂದಿಯ ಪೀಠ ಎರಡೇ ದಿನದ ವಾದದ ನಂತರ ವಿಸರ್ಜನೆಯಾಯಿತು.

1977ರಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ ಪಾಲಾದಾಗ, ಉಳಿದೆರಡರಲ್ಲಿ ಒಂದನ್ನು ಗೆದ್ದವರು ಬೆಂಗಳೂರು ದಕ್ಷಿಣದಲ್ಲಿ ಜನತಾ ಪಕ್ಷದಿಂದ ನಿಂತಿದ್ದ ಹೆಗ್ಡೆ. ನ್ಯಾಯಮೂರ್ತಿಯಾಗಿದ್ದವರು ಮತ್ತೆ ಚುನಾವಣೆಗೆ ನಿಲ್ಲೋದು ಸರಿಯಾ ಅನ್ನೋ ಪ್ರಶ್ನೆ ಇವತ್ತಿಗೂ ಎತ್ತಬಹುದು, ಎತ್ತಲೇಬೇಕಾದದ್ದು ಕೂಡ. ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾಗಲು ಹೊರಟಾಗ ಅವರ ಜಾಗಕ್ಕೆ ಹೆಗ್ಡೆ ಸ್ಪೀಕರ್ ಆದರು.

1978ರ ನವೆಂಬರ್‌ನಲ್ಲಿ ಘಟ್ಟದ ಮೇಲಿನ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿ ಗೆದ್ದು ಅದೇ ಸದನಕ್ಕೆ ಬಂದರು. ಹಕ್ಕುಚ್ಯುತಿ ಪ್ರಕರಣದಲ್ಲಿ ಡಿಸೆಂಬರ್ 19ರಂದು ಲೋಕಸಭೆ ಅವರ ಸದಸ್ಯತ್ವ ಕಿತ್ತು, ಜೈಲಿಗೂ ಕಳಿಸಿತು. ಆಗ ಸ್ಪೀಕರ್, ಐದು ವರ್ಷದ ಹಿಂದೆ ಅವರ ಸರ್ಕಾರ ದಾಟಿ ಹೋಗಿದ್ದ ಅದೇ ಹೆಗ್ಡೆ. ಉಚ್ಚಾಟನೆ ಮಾಡಿದ್ದು ಸದನದ ಬಹುಮತ, ಸ್ಪೀಕರ್ ಅಲ್ಲ. ಆದರೂ ಬಹುಮತ ಇದೆ ಅಂತ ಏನು ಬೇಕಾದರೂ ಮಾಡಬಹುದಾ ಅನ್ನೋ 1973ರ ಪ್ರಶ್ನೆ ಈ ಸಲ ಅವರ ಕುರ್ಚಿಯ ಎದುರೇ ಬಂದಿತ್ತು. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು.

ಅಷ್ಟರಲ್ಲಿ ಹೆಗ್ಡೆ ಸ್ಪೀಕರ್ ಸ್ಥಾನದಿಂದ ಇಳಿದಾಗಿತ್ತು. 1979ರಲ್ಲಿ ಅವರು ಶುರು ಮಾಡಿದ ನಿಟ್ಟೆಯ ವಿದ್ಯಾಸಂಸ್ಥೆ ಬೆಳೆಯುತ್ತಿತ್ತು. 1990ರ ಮೇ 24ರಂದು ಅವರು ತೀರಿಕೊಂಡರು. ಮುಖ್ಯ ನ್ಯಾಯಮೂರ್ತಿ ಹುದ್ದೆಗೆ ಹಿರಿತನ ನೋಡುವುದು ಇಂದಿಗೂ ಪದ್ಧತಿಯೇ, ಸಂವಿಧಾನದಲ್ಲಿ ಬರೆದದ್ದಲ್ಲ.