ಫ್ರಾಂಕ್ ಮ್ಯಾಕ್‌ಫಾರ್ಲೇನ್ ಬರ್ನೆಟ್ ಮಹಾಶಯರು

೧೯೧೮ನೆಯ ಇಸವಿಯ ಇನ್‌ಫ್ಲುಯೆಂಜಾ ಜ್ವರದ ಹಾವಳಿಯ ವೃತ್ತಾಂತವು ನಮ್ಮ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಕೇಳಿಬಂದಿರುವುದು. ಭರತಖಂಡವೊಂದರಲ್ಲಿಯೇ ಕೋಟಿಗೂ ಮೀರಿ ಜನರು ಅದಕ್ಕೆ ತುತ್ತಾದರು. ಆದರೂ ಆ ಜ್ವರದ ನಿಜವಾದ ಕಾರಣವು ಆಗ ವೈದ್ಯರಿಗೆ ತಿಳಿದಿರಲಿಲ್ಲ. ಆ ಅದೃಶ್ಯ ಶತ್ರುವನ್ನು ಗುರುತಿಸುವ ಮಾರ್ಗವನ್ನು ಸುಗಮಗೊಳಿಸಿದವರಲ್ಲಿ ಬರ್ನೆಟ್ ಮಹಾಶಯರು ಅಗ್ರಗಣ್ಯರು.

ಇವರು ೧೮೯೯ನೆಯ ಸೆಪ್ಟೆಂಬರ್ ೩ರಂದು ಆಸ್ಟ್ರೇಲಿಯಾ ದೇಶದ ಟ್ರರಾಲ್ಗನ್ ಎಂಬ ಊರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಸಂಕೋಚ ಸ್ವಭಾವದವರಾದ ಇವರಿಗೆ ಜೀರುಂಡೆಗಳನ್ನು ಸಂಗ್ರಹಿಸುವುದೇ ಪರಮಾನಂದವಾಗಿತ್ತು. ಮೆಲ್ಬೋರ್ನಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, ತರುವಾಯ ಲಂಡನ್ನಿನಲ್ಲಿ ಸಂಶೋಧನೆ ನಡೆಸಿದರು. ೧೯೩೩ರಲ್ಲಿ ಅಲ್ಲಿನ ಸ್ಮಿತ್, ಆಂಡ್ರೂಸ್ ಮತ್ತು ಲೇಡ್ಲಾ ಎಂಬವರು ರೋಗಿಯ ಗಂಟಲಿನ ದ್ರವವನ್ನು ಫೆರೆಟ್ ಎಂಬ ಪ್ರಾಣಿಯ ಮೂಗಿನೊಳಗೆ ಹಾಕಿ, ಈ ಜ್ವರಕ್ಕೆ ವೈರಸ್ಸೇ ಕಾರಣವೆಂದು ತೋರಿಸಿದರು.

ಆದರೆ ಫೆರೆಟ್ಟುಗಳನ್ನು ಸಾಕುವುದು ಬಹಳ ಪ್ರಯಾಸದ ಕಾರ್ಯ. ಸ್ವದೇಶಕ್ಕೆ ಮರಳಿದ ಬರ್ನೆಟ್ಟರು ಕೋಳಿಯ ಮೊಟ್ಟೆಯನ್ನು ಆರಿಸಿಕೊಂಡರು. ಕಾವಿನಲ್ಲಿಟ್ಟ ಮೊಟ್ಟೆಯನ್ನು ದೀಪಕ್ಕೆ ಹಿಡಿದು, ಒಳಗೆ ಮರಿಯು ಜೀವಂತವಾಗಿದೆಯೇ ಎಂದು ನೋಡಿ, ಚಿಪ್ಪಿನಲ್ಲಿ ಸಣ್ಣ ರಂಧ್ರ ಮಾಡಿ ಅದರೊಳಗೆ ವೈರಸ್ಸನ್ನು ಬೆಳೆಯಿಸಿದರು. ೧೯೪೦ರಲ್ಲಿ, ಮರಿಯನ್ನು ಸುತ್ತಿರುವ ನೀರಿನ ಚೀಲಕ್ಕೆ ಸೂಜಿಯಿಂದ ಹಾಕಿದರೆ ವೈರಸ್ಸು ಸುಲಭವಾಗಿ ಬೆಳೆಯುವುದೆಂದು ತೋರಿಸಿದರು.

೧೯೪೧ರಲ್ಲಿ ಅಮೆರಿಕದ ಜಾರ್ಜ್ ಹರ್ಸ್ಟ್ ಎಂಬವರು ಇಂತಹ ಮೊಟ್ಟೆಯ ದ್ರವದಲ್ಲಿ ಕೆಂಪು ರಕ್ತಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಕಂಡರು. ಇದರಿಂದ ವೈರಸ್ಸಿನ ಜಾತಿಯನ್ನು ತಿಳಿಯುವ ಪರೀಕ್ಷೆಯು ಹುಟ್ಟಿತು. ಜಾತಿ ಗೊತ್ತಿರುವ ವೈರಸ್ಸಿಗೆ ಎದುರಾದ ಸೀರಮ್ಮನ್ನು ಹೊಸ ವೈರಸ್ಸಿನೊಡನೆ ಬೆರೆಸಬೇಕು. ಎರಡೂ ಒಂದಕ್ಕೊಂದು ಹೊಂದಿದರೆ ಕಣಗಳು ಅಂಟದೆ ತಳದಲ್ಲಿ ಗುಂಡಿಯಂತೆ ಕೂಡುವುವು; ಹೊಂದದಿದ್ದರೆ ಅಂಟಿಕೊಂಡು ಜಾಲದಂತೆ ಹರಡುವುವು.

ಈ ಪರೀಕ್ಷೆಯಲ್ಲಿ ಒಂದು ತೊಡಕಿತ್ತು. ಸೀರಮ್ಮಿನಲ್ಲಿರುವ ಬೇರೆ ವಸ್ತುಗಳೂ ಕಣಗಳು ಅಂಟುವುದನ್ನು ತಡೆದು ಪರೀಕ್ಷಕನನ್ನು ಮೋಸಗೊಳಿಸುತ್ತಿದ್ದುವು. ಕಾಲರಾ ರೋಗಾಣುವಿನಿಂದ ಸ್ರವಿಸುವ ಒಂದು ವಸ್ತುವು ವೈರಸ್ಸು ಅಂಟುವ ನೆಲೆಗಳನ್ನೇ ನಾಶಮಾಡುವುದೆಂದು ಬರ್ನೆಟ್ಟರೂ ಅವರ ಸಹೋದ್ಯೋಗಿಗಳೂ ೧೯೪೬ರ ಸುಮಾರಿಗೆ ಕಂಡುಹಿಡಿದರು. ಸೀರಮ್ಮನ್ನು ಶೋಧಿಸಲು ಪ್ರಯೋಗಶಾಲೆಗಳಲ್ಲಿ ಇಂದಿಗೂ ಅದು ಬಳಕೆಯಲ್ಲಿದೆ. ಒಂದು ಮಾರಿಯ ವಸ್ತುವೇ ಮತ್ತೊಂದು ಮಾರಿಯ ಪತ್ತೆಗೆ ನೆರವಾದುದು ಸೋಜಿಗವಲ್ಲವೇ!

ಈ ಕಾರ್ಯವು ನಿರಪಾಯವಾಗಿರಲಿಲ್ಲ. ಇನ್‌ಫ್ಲುಯೆಂಜಾ ಸಂಶೋಧನೆಯಲ್ಲಿ ಬರ್ನೆಟ್ಟರಿಗೆ ನೆರವಾಗಿದ್ದ ಡೋರಾ ಲಶ್ ಎಂಬ ವಿದುಷಿಯು ೧೯೪೩ರಲ್ಲಿ ಸ್ಕ್ರಬ್ ಟೈಫಸ್ ಜ್ವರವನ್ನು ಅಭ್ಯಸಿಸುತ್ತಿದ್ದಾಗ, ಇಲಿಗೆ ಚುಚ್ಚುತ್ತಿದ್ದ ಸೂಜಿಯು ಬೆರಳಿಗೆ ತಗುಲಿ, ಕೆಲವೇ ವಾರಗಳಲ್ಲಿ ಅಸುನೀಗಿದರು. ಆಗ ಅವರಿಗೆ ವಯಸ್ಸು ಮೂವತ್ತರ ಆಸುಪಾಸು. ಬರ್ನೆಟ್ಟರಿಗೂ ಸೋಲು ತಪ್ಪಲಿಲ್ಲ. ಯುದ್ಧಕಾಲದಲ್ಲಿ ಸೈನಿಕರ ಮೇಲೆ ಪ್ರಯೋಗಿಸಿದ ಅವರ ಸಜೀವ ಲಸಿಕೆಯು ನಿರೀಕ್ಷಿತ ಫಲವನ್ನು ಕೊಡಲಿಲ್ಲ. ಆದರೂ ಅವರು ಎದೆಗುಂದದೆ, ದೇಹವು ತನ್ನದನ್ನೂ ಪರರದನ್ನೂ ಹೇಗೆ ಅರಿಯುವುದೆಂಬ ಆಳವಾದ ಪ್ರಶ್ನೆಗೆ ತಿರುಗಿದರು. ಆ ವಿಚಾರಕ್ಕಾಗಿ ೧೯೬೦ರಲ್ಲಿ ಮೆಡಾವರ್ ಎಂಬವರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದು, ೧೯೮೫ರ ಆಗಸ್ಟ್ ೩೧ರಂದು ಕಾಲವಾದರು.

ಈಗ ವೈರಸ್ಸಿನ ಆನುವಂಶಿಕ ದ್ರವ್ಯವನ್ನು ಕೆಲವು ಗಂಟೆಗಳಲ್ಲಿಯೇ ಪತ್ತೆಮಾಡುವ ಯಂತ್ರಗಳಿರುವುವು. ಆದರೂ ಮೊಟ್ಟೆ, ರಕ್ತಕಣ, ಸೀರಮ್ಮುಗಳ ಪರೀಕ್ಷೆಯು ಮರೆಯಾಗಿಲ್ಲ. ನಮ್ಮ ಅಡಿಗೆಮನೆಯ ಬುಟ್ಟಿಯಲ್ಲಿರುವ ಸಾಮಾನ್ಯ ವಸ್ತುವೂ ತಾಳ್ಮೆಯುಳ್ಳವರ ಕೈಯಲ್ಲಿ ಲೋಕೋಪಕಾರಕ್ಕೆ ಸಾಧನವಾಗುವುದೆಂಬುದನ್ನು ನಮ್ಮ ಬಾಲಿಕೆಯರು ಈ ಮಹನೀಯರ ಚರಿತ್ರೆಯಿಂದ ಅರಿಯಲೆಂದು ನಾವು ಹಾರೈಸುತ್ತೇವೆ.